ಕಂಪ್ಯೂಟರಿಗೆ ಬೇಕಾದ ಸಾಮಾನುಗಳಲ್ಲಿ ನಾನು ಏಳನೆಯವಳು

ಎಂಬತ್ತರ ದಶಕ ಮುಗಿಯುತ್ತ ಬಂದ ಹೊತ್ತಿನಲ್ಲಿ, ಕೆಲವು ತಿಂಗಳ ಮಟ್ಟಿಗೆ, ನಾನೊಂದು ಯಂತ್ರದ ಬಿಡಿಭಾಗವಾಗಿದ್ದೆ. ಅದನ್ನು ಕಾಂಪ್ಲಿಮೆಂಟ್ ಎಂದು ತಿಳಿಯಬೇಕೋ ಅವಮಾನವೆಂದು ತಿಳಿಯಬೇಕೋ, ಈ ವಯಸ್ಸಿನಲ್ಲೂ ನನಗೆ ತೀರ್ಮಾನಿಸಲು ಆಗಿಲ್ಲ. ಗಂಗಾವತಿಯ ಭತ್ತ ಬೆಳೆಗಾರರ ಸಂಘವೊಂದು ಒಂದು ಪುಟ್ಟ ಕಂಪ್ಯೂಟರ್ ಪ್ರೋಗ್ರಾಮು ತರಿಸಿತ್ತು. ಅದು ನಡೆಯಬೇಕಾದರೆ ಏನೇನು ಇರಬೇಕು ಎಂಬ ಪಟ್ಟಿಯನ್ನು ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚು ಹಾಕಿಸಿ ಸಂತೆಗಳಲ್ಲಿ ಹಂಚಿತ್ತು. ಎಸಿ ರೂಮು, ಹಾರ್ಡ್ ಡಿಸ್ಕು, ಕಲರ್ ಪರದೆ ಇತ್ಯಾದಿಗಳ ನಡುವೆ, ಏಳನೆಯ ನಂಬರಿನಲ್ಲಿ, ‘ಕಾನ್ವೆಂಟಿನಲ್ಲಿ ಕಲಿತ ಮಹಿಳೆ’ ಎಂದಿತ್ತು.

ಆಗಿನ ಕೊಪ್ಪಳದಲ್ಲಿ, ನನಗೆ ತಿಳಿದ ಮಟ್ಟಿಗೆ, ಆ ಸಾಮಾನು ಒಂದೇ ಪೀಸ್ ಇತ್ತು. ಅದು ನಾನು.

ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಪಿಯಾನೋದಲ್ಲಿ ಎರಡು ಟ್ಯೂನ್, ಕರವಸ್ತ್ರದ ಅಂಚಿಗೆ ಹೂವಿನ ಕಸೂತಿ ಮತ್ತು ಯಾವ ಕಾಗದವನ್ನಾದರೂ ಎರಡು ಸಲ ಓದುವ ಅಭ್ಯಾಸ ಕಲಿಸಿದ್ದರು. ಎಪ್ಪತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಕೊಪ್ಪಳಕ್ಕೆ ಬಂದಾಗ ಈ ಮೂರರಲ್ಲಿ ಒಂದಕ್ಕೂ ಡಿಮ್ಯಾಂಡ್ ಇರಲಿಲ್ಲ. ನಮ್ಮತ್ತೆ ನನ್ನ ಕಸೂತಿಯ ಕರವಸ್ತ್ರದಿಂದ ಬಿಸಿ ಪಾತ್ರೆ ಇಳಿಸುತ್ತಿದ್ದರು. ಕೆಲವು ವರ್ಷ ಸುಮ್ಮನಿದ್ದು, ಆಮೇಲೆ ಪಡಸಾಲೆಯಲ್ಲಿ ಮೂರು ಟೈಪ್‌ರೈಟರ್ ಇಟ್ಟು ಇನ್‌ಸ್ಟಿಟ್ಯೂಟ್ ತೆರೆದೆ. ಬೆಳಗಿನಿಂದ ಸಂಜೆಯವರೆಗೆ ಟಕಟಕ. ಆ ಸದ್ದು ಈಗಲೂ ಒಮ್ಮೊಮ್ಮೆ ಬೆರಳ ತುದಿಯಲ್ಲಿ ಕೇಳಿಸುತ್ತದೆ.

ಟೈಪ್ ಕಲಿಯಲು ಬಂದವರಲ್ಲಿ ನನಗೆ ತೀರ ಹಿಡಿಸಿದವಳು ಎದುರು ಸಾಲಿನ ಟೇಲರ್ ಚಾಚಾನ ಮಗಳು. ಇಪ್ಪತ್ತರ ಹುಡುಗಿ. ಸರ್ಕಾರಿ ಶಾಲೆಯಲ್ಲಿ ಓದಿ, ತಂದೆಯ ಅಂಗಡಿಗೆ ಕಾಜಾ-ಗುಂಡಿ ಹಾಕುತ್ತಿದ್ದಳು. ಚಾಚಾನ ಕಣ್ಣು ಮಂಜಾಗುತ್ತಿತ್ತು. ಸೂಜಿಗೆ ದಾರ ಪೋಣಿಸಿ, ಹತ್ತಿಪ್ಪತ್ತು ಸೂಜಿಗಳನ್ನು ಸಾಲಾಗಿ ಬಟ್ಟೆಗೆ ಚುಚ್ಚಿಟ್ಟು ಅವಳು ನನ್ನ ಕ್ಲಾಸಿಗೆ ಬರುತ್ತಿದ್ದಳು. ಆ ಸೂಜಿಗಳು ಮುಗಿಯುವಷ್ಟರಲ್ಲಿ ವಾಪಸು ಹೋಗಬೇಕು. ಚಾಚಾ ಇನ್ನೆಷ್ಟು ದಿನ ಮಶೀನು ತುಳಿದಾರು ಎಂಬುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ, ಎಲ್ಲರಿಗೂ ಗೊತ್ತಿದ್ದ ಮಾತು.

ಅದೇ ಸಮಯಕ್ಕೆ ನಮ್ಮ ಯಜಮಾನರು ಹುಬ್ಬಳ್ಳಿಯ ಆಫೀಸೊಂದು ಹಳತಾಯಿತೆಂದು ಹೊರಹಾಕಿದ ಕಂಪ್ಯೂಟರನ್ನು ಕೊಂಡು ತಂದರು. ಕಪ್ಪು ಪರದೆ, ಹಸಿರು ಅಕ್ಷರ. ಫ್ಲಾಪಿ ನುಂಗಲು ಒಂದೇ ಬಾಯಿ. ಹಾರ್ಡ್ ಡಿಸ್ಕು ಎಂಬುದು ಅದರ ಹೊಟ್ಟೆಯಲ್ಲಿ ಇರಲೇ ಇಲ್ಲ. ಇನ್ನೂರೈವತ್ತಾರು ಕೆಬಿ ಮೆಮೊರಿ. ಇವತ್ತು ಮೊಮ್ಮಕ್ಕಳು ಕಳಿಸುವ ಒಂದು ಗುಡ್ ಮಾರ್ನಿಂಗ್ ಫೋಟೊಕ್ಕೂ ಅದು ಸಾಲಲಿಕ್ಕಿಲ್ಲ. ಆಗ ಮಾತ್ರ ಓಣಿಯವರೆಲ್ಲ ಬಂದು ಅದಕ್ಕೆ ಕೈಮುಗಿದು ಹೋದರು.

ಸಂಘದವರ ಕೊಪ್ಪಳದ ಶಾಖೆಯಲ್ಲಿ ಒಂದು ಆಪರೇಟರ್ ಕೆಲಸ ಖಾಲಿ ಇತ್ತು. ಸದಸ್ಯರ ಹೆಸರುಗಳನ್ನು ಹೇಗೆ ಬೇಕಾದರೂ ಒಳಗೆ ಹಾಕಿದರೆ ಎಬಿಸಿಡಿ ಕ್ರಮದಲ್ಲಿ ಜೋಡಿಸಿ ಹೊರಗೆ ಕೊಡುವುದು, ಅಷ್ಟೇ ಆ ಪ್ರೋಗ್ರಾಮಿನ ವಿದ್ಯೆ. ಕಂಪ್ಯೂಟರ್ ಇದ್ದ ಇನ್‌ಸ್ಟಿಟ್ಯೂಟುಗಳಿಗೆಲ್ಲ, ಅಂದರೆ ಗಂಗಾವತಿಯ ಒಂದಕ್ಕೆ ಮತ್ತು ನನಗೆ, ಅದರ ಫ್ಲಾಪಿಯನ್ನೂ ಮ್ಯಾನ್ಯುಯಲ್ಲಿನ ಜೆರಾಕ್ಸನ್ನೂ ಕಳಿಸಿದ್ದರು. ನಾಟಿ ಶುರುವಾಗುವುದರೊಳಗೆ ಒಂದು ತಿಂಗಳು ಅದರ ಮೇಲೆ ಕಲಿತವರ ಹೆಸರು ಕಳಿಸಬೇಕು. ಚಾಚಾನ ಮಗಳು ಎರಡೇ ದಿನದಲ್ಲಿ ಅದನ್ನು ಪಳಗಿಸಿಕೊಂಡಳು. ನಮ್ಮ ಪಡಸಾಲೆಯಲ್ಲಿ, ಒಂದು ಟೇಬಲ್ ಫ್ಯಾನಿನ ಕೆಳಗೆ, ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ. ಆಗೆಲ್ಲ ಕಂಪ್ಯೂಟರ್ ಇದ್ದ ಕೋಣೆಗೆ ದೇವರ ಮನೆಯ ಹಾಗೆ ಚಪ್ಪಲಿ ಬಿಟ್ಟು ಹೋಗುವ ಪದ್ಧತಿಯಿತ್ತು.

ಮೂರನೆಯ ವಾರ ಅವಳು ಗುಲಾಬಿ ಕಾಗದ ಹಿಡಿದು ಬಂದಳು.

“ಅಕ್ಕೋರ, ಇದನ್ನ ಓದ್ರಿ. ಇದರ ಪ್ರಕಾರ ನಾವು ಹದಿನೈದು ದಿವಸದಿಂದ ಮಾಡಿದ್ದು ಆಗಾಕ ಸಾಧ್ಯಽ ಇಲ್ಲ.”

ಓದಿದೆ. ಎಸಿ ರೂಮು ಬೇಕು. ಆರುನೂರ ನಲವತ್ತು ಕೆಬಿ ಮೆಮೊರಿ ಬೇಕು. ಹಾರ್ಡ್ ಡಿಸ್ಕು, ಕಲರ್ ಪರದೆ, ನೆಲಕ್ಕೆ ಕೆಂಪು ಜಮಖಾನೆ, ಎರಡು ಟೆಲಿಫೋನು, ನಾನು, ಕೊನೆಗೆ ಎಂಟನೆಯದಾಗಿ ಸಣ್ಣ ಬಲ್ಬು ಉರಿಯುವ ಗಣಪತಿ ಫೋಟೊ. ಇವೆಲ್ಲ ಇಲ್ಲದ ಕಡೆ ಕಲಿತವರ ಹೆಸರನ್ನು ಪರಿಗಣಿಸುವುದಿಲ್ಲ.

ಮ್ಯಾನ್ಯುಯಲ್ಲಿನ ಎರಡನೆಯ ಪುಟದಲ್ಲಿ, ಸ್ಪಷ್ಟ ಇಂಗ್ಲಿಷಿನಲ್ಲಿ, ಇನ್ನೂರೈವತ್ತಾರು ಕೆಬಿ ಸಾಕು, ಒಂದು ಫ್ಲಾಪಿ ಡ್ರೈವ್ ಸಾಕು, ಯಾವ ಬಣ್ಣದ ಪರದೆಯಾದರೂ ಸರಿ ಎಂದು ಬರೆದಿತ್ತು. ಜಮಖಾನೆಯ ಬಗ್ಗೆ ಆ ಪುಟ ಮೌನವಾಗಿತ್ತು. ಹಾಗಾದರೆ ಈ ಪಟ್ಟಿ ಎಲ್ಲಿಂದ ಬಂತು? ಸಂಘದ ಕಾರ್ಯದರ್ಶಿಗಳು ತೀರ ಪ್ರಾಮಾಣಿಕ ಮನುಷ್ಯ. ಕಂಪ್ಯೂಟರಿಗೆ ಏನು ಬೇಕೆಂದು ತಿಳಿಯಲು ಅವರು ಎರಡನೆಯ ಪುಟ ತೆಗೆಯಲಿಲ್ಲ. ಹೊಸಪೇಟೆಯ ಕಡೆ ಒಂದು ಫ್ಯಾಕ್ಟರಿಗೆ ಹೋಗಿ, ಅಲ್ಲಿ ಕಂಪ್ಯೂಟರ್ ಇದ್ದ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಕಂಡದ್ದನ್ನೆಲ್ಲ ಬರೆದುಕೊಂಡು ಬಂದಿದ್ದರು. ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸು ಕಾನ್ವೆಂಟಿನಲ್ಲಿ ಕಲಿತವಳಂತೆ. ಪುಣ್ಯಕ್ಕೆ ಅವಳ ಸೀರೆಯ ಬಣ್ಣ ಬರೆದಿರಲಿಲ್ಲ.

ಸಂಜೆ ಚಾಚಾ ಬಂದರು. ಮಗಳು ಪಟ್ಟಿಯನ್ನು ಓದಿ ಹೇಳಿದಳು. ಅವರು ಬೆರಳು ಮಡಚುತ್ತ ಕೇಳಿಸಿಕೊಂಡರು.

“ಗಣಪತಿ ಫೋಟೊ ನಾನಽ ಕಟ್ಟು ಹಾಕಿಸಿ ತಂದು ಕೊಡ್ತೀನ್ರಿ ಅಕ್ಕೋರ. ಜಮಖಾನಿ ದರ್ಗಾದಾಗ ಕೇಳಿದ್ರ ಕೊಡ್ತಾರ. ಎಸಿ ಮಾತ್ರ ನನ್ನ ಕೈಲಾಗೂದಿಲ್ಲ.”

“ಚಾಚಾ, ಅದೇನೂ ಬೇಕಾಗಿಲ್ಲ. ಇದು ಸುಳ್ಳು ಪಟ್ಟಿ.”

“ಅಚ್ಚು ಹಾಕ್ಸ್ಯಾರಲ್ರಿ?” ಎಂದರು ಚಾಚಾ.

“ಹಂಗಾದ್ರ ಗಂಗಾವತಿ ಕ್ಲಾಸಿಗೆ ಹೋಗ್ತೀನಿ ಅಬ್ಬಾ,” ಎಂದಳು ಮಗಳು. “ಅಲ್ಲಿ ಎಸಿ ಹಾಕ್ಸಾಕ ಹತ್ಯಾರಂತ.”

“ದಿನಾ ಬಸ್ಸಿನಾಗ? ಹೋಗಾಕ ಎರಡು ತಾಸು, ಬರೂದು ಅಲ್ಲಾನಽ ಬಲ್ಲ. ಸೂಜಿಗೆ ದಾರಾ ಯಾರು ಹಾಕ್ತಾರ?” ಎಂದು ಚಾಚಾ ಎದ್ದರು. ಬಾಗಿಲಲ್ಲಿ ಹೊಸ್ತಿಲು ಕಾಣದೆ ಒಂದಿಷ್ಟು ಎಡವಿದರು.

ನಾನು ತಿದ್ದುಪಡಿಯ ಪತ್ರ ಬರೆಯಲು ಕೂತೆ. ಕಾನ್ವೆಂಟಿನ ಇಂಗ್ಲಿಷನ್ನೆಲ್ಲ ಒಳಗಿನಿಂದ ತೆಗೆದು ಧೂಳು ಝಾಡಿಸಿದೆ. ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸಬ್‌ಮಿಟ್. ಒಂದನೆಯದು ಬೇಕಿಲ್ಲ, ಎರಡನೆಯದು ತಪ್ಪು, ಮೂರನೆಯದು ಅನವಶ್ಯಕ. ಮ್ಯಾನ್ಯುಯಲ್ಲಿನ ಪುಟದ ನಂಬರ್ ಸಮೇತ. ನಾನು ಹೇಳುತ್ತ ಹೋದೆ, ಚಾಚಾನ ಮಗಳು ಟೈಪ್ ಮಾಡುತ್ತ ಹೋದಳು. ಒಂದು ಕಡೆ ಟಕಟಕ ನಿಂತಿತು.

“ಅಕ್ಕೋರ, ಆರು ಆದಮ್ಯಾಲ ಎಂಟು ಹೇಳಿದ್ರಿ.”

“ಹೌದಾ?”

“ಏಳನೇದ್ದು ಬಿಟ್ಟೀರಿ.”

“ಅದು ಟೆಕ್ನಿಕಲ್ ಪಾಯಿಂಟ್ ಅಲ್ಲಮ್ಮ,” ಎಂದೆ. “ಯಂತ್ರದ ಬಗ್ಗೆ ಮಾತ್ರ ಬರೆಯೋಣ.”

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಎಂಟನೆಯದನ್ನು ಟೈಪ್ ಮಾಡಿದಳು. ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳಲು ನಾಚಿಕೆ ಏನು? ಆ ಏಳನೆಯ ಸಾಲು ನನಗೆ ಒಳಗೊಳಗೇ ಸಿಹಿಯಾಗಿತ್ತು. ಹದಿನೈದು ವರ್ಷ ಯಾರಿಗೂ ಬೇಡವಾಗಿದ್ದ ನನ್ನ ಕಾನ್ವೆಂಟು, ಒಂದು ಸಂಘದವರು ಅಚ್ಚು ಹಾಕಿಸುವಷ್ಟು ಬೇಕಾಗಿತ್ತು. ಹ್ಯಾಂಡ್‌ಬಿಲ್ಲನ್ನು ನಮ್ಮತ್ತೆಗೂ ಓದಿ ಹೇಳಿದ್ದೆ. ಎರಡು ಸಲ.

ಸರ್ಕಾರಿ ಶಾಲೆಯಲ್ಲಿ ಕಲಿತ ಹುಡುಗಿಯೊಬ್ಬಳು ಆ ಪತ್ರವನ್ನು ನನ್ನ ಎದುರಿಗೇ ಕೂತು ಟೈಪ್ ಮಾಡುತ್ತಿದ್ದಾಳೆ, ಉಳಿದ ಏಳೂ ತಪ್ಪೆಂದು ಸಾಬೀತಾದರೂ, ಯಂತ್ರದ ಮುಂದೆ ಕೂರುವವಳು ಕಾನ್ವೆಂಟಿನವಳೇ ಆಗಬೇಕೆನ್ನುವ ಆ ಒಂದೇ ಸಾಲು ಅವಳನ್ನು ಹೊರಗಿಡಲು ಸಾಕು ಎಂಬುದು ನನಗೆ ಹೊಳೆಯಲಿಲ್ಲ ಎಂದು ಹೇಳಲಾರೆ. ಹೊಳೆದಿತ್ತು. ಆಮೇಲೆ ನೋಡಿದರಾಯಿತು ಅಂದುಕೊಂಡೆ.

ಕಾರ್ಯದರ್ಶಿಗಳು ಪತ್ರವನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಪಟ್ಟಿಯ ಬಗ್ಗೆ ಸಂದೇಹ ಎದ್ದಿದೆ, ಪರಿಶೀಲಿಸಬೇಕು ಎಂದು ಮತ್ತೆ ಅದೇ ಫ್ಯಾಕ್ಟರಿಗೆ ಹೋದರು. ಮತ್ತೆ ಅದೇ ಬಾಗಿಲಲ್ಲಿ ನಿಂತರು. ಹೋದ ಸಲ ಕಣ್ಣು ತಪ್ಪಿದ್ದ ಮೂರು ಸಾಮಾನು ಈ ಸಲ ಕಂಡವು. ಹತ್ತು ದಿನದಲ್ಲಿ ಪರಿಷ್ಕೃತ ಹ್ಯಾಂಡ್‌ಬಿಲ್ ಬಂತು, ಈ ಸಲ ಹಳದಿ. ಒಂಬತ್ತು, ಸ್ಟೆಬಿಲೈಜರ್. ಹತ್ತು, ಮರಳು ತುಂಬಿದ ಕೆಂಪು ಬಕೆಟ್ಟು. ಹನ್ನೊಂದು, ಬಾಗಿಲಲ್ಲಿ ಖಾಕಿ ಡ್ರೆಸ್ಸಿನ ಕಾವಲುಗಾರ. ಕೆಳಗೆ ಒಂದು ಸೂಚನೆ: ಕೊಪ್ಪಳದ ತಜ್ಞ ಮಹಿಳೆಯೊಬ್ಬರು ಕೆಲವು ಅಂಶಗಳ ಬಗ್ಗೆ ತಕರಾರು ಎತ್ತಿದ್ದರೂ, ಏಳನೆಯ ಅಂಶವನ್ನು ಅವರೂ ಒಪ್ಪಿದ್ದಾರೆ.

ಚಾಚಾನ ಮಗಳು ಆ ಕಾಗದವನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟು ತನ್ನ ಟೈಪ್‌ರೈಟರಿಗೆ ಹೋಗಿ ಕೂತಳು. ಅವತ್ತು ಕಂಪ್ಯೂಟರಿನ ಕಡೆ ಬರಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು.

ಅಷ್ಟರಲ್ಲಿ ಪಟ್ಟಿ ನಾಲ್ಕೂ ತಾಲ್ಲೂಕು ಸುತ್ತಿ ಬಂದಿತ್ತು. ಯಲಬುರ್ಗಾದ ಕಡೆ ಒಂದು ಶಾಲೆಯ ಹೆಡ್‌ಮಾಸ್ತರರು ಅದನ್ನು ಜನರಲ್ ನಾಲೆಜ್ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಎದುರಿನ ಗೋಡೆಯ ಮೇಲೆ ಬರೆಯಲು ಹೇಳಿದರೆ, ಪೇಂಟರು ಗೋಡೆ ಸಾಲದೆಂದು ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಬರೆದ. ಕಂಪ್ಯೂಟರ್ ಎಂದರೆ ಒಂದು ತಂಪು ಕೋಣೆ, ಬಾಗಿಲಲ್ಲಿ ಒಬ್ಬ ಪೊಲೀಸ್ ಎಂದು ಕುಷ್ಟಗಿಯ ಜನ ಬಹಳ ಕಾಲ ನಂಬಿದ್ದರು. ಅದು ಲಾಕಪ್ಪಿನ ವರ್ಣನೆ ಎಂದು ಯಾರಿಗೂ ಅನಿಸಲಿಲ್ಲ.

ನಾಟಿಗೆ ಇನ್ನು ಒಂದೇ ವಾರ. ನಾನು ಚಾಚಾನ ಅಂಗಡಿಗೆ ಹೋದೆ. “ಪತ್ರ ಬರೆದದ್ದು ಸಾಕು ಚಾಚಾ. ಕಂಪ್ಯೂಟರನ್ನೇ ತೆಗೆದುಕೊಂಡು ಗಂಗಾವತಿಗೆ ಹೋಗೋಣ. ಅವರ ಕಣ್ಣೆದುರಿಗೇ ನಡೆಸಿ ತೋರಿಸೋಣ. ನೀವೂ ಬರಬೇಕು, ಮಗಳೂ ಬರಬೇಕು.”

ಚಾಚಾ ಮಗಳ ಕಡೆ ನೋಡಿದರು. ಅವಳು ನನ್ನ ಕಡೆ ನೋಡದೆ, “ಏಳನೇದ್ದು ಹೆಂಗ ತೋರಿಸ್ತೀರಿ?” ಎಂದಳು.

“ಅದನ್ನು ನನಗೆ ಬಿಡು,” ಎಂದೆ. ಹೇಗೆಂದು ನನಗೂ ಗೊತ್ತಿರಲಿಲ್ಲ.

ಹಳೆಯ ಕೌದಿಯಲ್ಲಿ ಸುತ್ತಿದ ಕಂಪ್ಯೂಟರ್, ಮೂರು ಟಿಕೆಟ್ಟು. ಪರದೆಯನ್ನು ಚಾಚಾ ತೊಡೆಯ ಮೇಲೆ ಕೂಸಿನ ಹಾಗೆ ಕೂರಿಸಿಕೊಂಡರು. ಹಿಟ್ನಾಳದಲ್ಲಿ ಹತ್ತಿದ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿ, “ಟಿವಿ ಏನ್ರೀ ಯಪ್ಪಾ?” ಎಂದಳು. “ಟಿವಿ ಅಲ್ಲಬೇ, ಕಂಪ್ಯೂಟರ್,” ಎಂದರು ಚಾಚಾ. ಮುದುಕಿ ಬಗ್ಗಿ ಬಾಗಿಲ ಕಡೆ ನೋಡಿ, “ಮತ್ತ ಪೊಲೀಸ್ನೋರು ಎಲ್ಲೆದಾರ?” ಎಂದು ಕೇಳಿದಳು. ಕುಷ್ಟಗಿಯವಳಿರಬೇಕು.

ಕಾರ್ಯದರ್ಶಿಗಳು ಎದ್ದು ನಿಂತು ಬರಮಾಡಿಕೊಂಡರು, ಚಹಾ ತರಿಸಿದರು. ಕೋಣೆಯ ಮೂಲೆಯಲ್ಲಿ ಸಂಘದ ಸ್ವಂತ ಕಂಪ್ಯೂಟರ್ ಮೂರು ತಿಂಗಳಿಂದ ಡಬ್ಬಿಯಲ್ಲೇ ಕೂತಿತ್ತು. ಎಸಿ ಬರುವ ತನಕ ಅದನ್ನು ತೆರೆಯುವ ಹಾಗಿಲ್ಲ. ಅದರ ಮೇಲೆ ಭತ್ತದ ಸ್ಯಾಂಪಲ್ ಪೊಟ್ಟಣಗಳನ್ನು ಒಪ್ಪವಾಗಿ ಜೋಡಿಸಿದ್ದರು. ನಾನು ಮ್ಯಾನ್ಯುಯಲ್ಲಿನ ಎರಡನೆಯ ಪುಟ ತೆಗೆದು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು.

“ನೀವು ಹೇಳೂದು ಖರೆ ಇರಬಹುದ್ರಿ ಅಕ್ಕೋರ. ಆದ್ರ ಈ ಯಾದಿ ಕಮಿಟಿ ಮುಂದ ಓದಿ ಆಗೇತಿ. ಲಗ್ನದ ಯಾದಿ ಇದ್ದಂಗ ಇದು. ಹಿರೇರ ಮುಂದ ಓದಿ, ಮೂಲಿಗೆ ಅರಿಷಿಣ ಹಚ್ಚಿದಮ್ಯಾಲ ಒಂದು ಚಮಚ ತಗ್ಯಾಕ ಬರತೈತೇನ್ರಿ? ಬೀಗರು ಊಟಕ್ಕಽ ಏಳೂದಿಲ್ಲ.”

“ಇಲ್ಲಿ ಬೀಗರು ಯಾರು ಸರ್?”

“ಕಮಿಟಿಯವರಽ ರೀ!”

ನಮ್ಮ ಕಡೆ ಮದುವೆಯ ಯಾದಿ ಎಂದರೆ ಹಾಗೇ. ಕೊಡುವ ಬಟ್ಟೆ, ಪಾತ್ರೆ, ಬಂಗಾರ ಎಲ್ಲ ಬರೆದು ಎರಡೂ ಮನೆಯ ಹಿರಿಯರ ಮುಂದೆ ಓದುತ್ತಾರೆ. ಆಮೇಲೆ ಅದರಿಂದ ಒಂದನ್ನು ಹೊಡೆದುಹಾಕುವುದೆಂದರೆ ಮಾತಿಗೆ ತಪ್ಪಿದಂತೆ. ಒಂದು ಪ್ರೋಗ್ರಾಮಿನ ಸಿಸ್ಟಮ್ ರಿಕ್ವೈರ್‌ಮೆಂಟ್ಸಿಗೂ ಅರಿಷಿಣ ಹಚ್ಚಬಹುದೆಂದು ಅದನ್ನು ಬರೆದ ಕಂಪನಿಗೆ ತಿಳಿದಿರಲಿಲ್ಲ.

“ಮೊದ್ಲ ನಡಸಿ ತೋರಿಸ್ತೀವ್ರಿ,” ಎಂದಳು ಚಾಚಾನ ಮಗಳು. ಕೌದಿ ಬಿಚ್ಚಿದಳು, ವೈರು ಸಿಕ್ಕಿಸಿದಳು, ಫ್ಲಾಪಿ ಹಾಕಿದಳು. ಹಸಿರು ಅಕ್ಷರ ಮೂಡಿತು. ಗಂಗಾವತಿಯ ಸೆಕೆ, ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು, ಕಾರಟಗಿಯ ಕಡೆಯಿಂದ ಬಂದ ಇಬ್ಬರು ಗಿರಣಿಯವರೂ ಕುತ್ತಿಗೆ ಚಾಚಿ ನಿಂತರು. ಎಲ್ಲರೂ ಚಪ್ಪಲಿ ಹಾಕಿಕೊಂಡೇ.

ಕಾರ್ಯದರ್ಶಿಗಳು ಪರದೆ ನೋಡಿದರು, ನನ್ನನ್ನು ನೋಡಿದರು, ಮುಗುಳ್ನಕ್ಕರು. “ನಡದೈತಿ, ಒಪ್ಪಿದೆ. ಆದ್ರ ಏಳನೇದ್ದು ಇಲ್ಲೇ ಬಾಜೂಕ ನಿಂತೈತಲ್ರಿ. ಕಾನ್ವೆಂಟಿನೋರು ನೀವು ನಿಂತಿದ್ದಕ್ಕ ನಡದೈತಿ.”

ಗಿರಣಿಯವರು ಹೌದೆಂದು ತಲೆದೂಗಿದರು. ಚಾಚಾನ ಮಗಳ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು.

“ಹಾಗಾದರೆ ನಾನು ಹೊರಗೆ ಹೋಗುತ್ತೇನೆ,” ಎಂದೆ. “ನೀವು ಬಾಗಿಲು ಹಾಕಿಕೊಳ್ಳಿ. ಏಳನೆಯದು ಬೇಕೇಬೇಕಾದರೆ ಯಂತ್ರ ಈಗ ನಿಲ್ಲಬೇಕಲ್ಲ, ನೋಡಿ.”

ಹೊರಗೆ ಬೇವಿನ ಗಿಡದ ಕೆಳಗೆ ನಿಂತೆ. ಕಾನ್ವೆಂಟಿನಲ್ಲಿ ಕ್ಲಾಸಿನಿಂದ ಹೊರಗೆ ಹಾಕಿದಾಗಲೂ ಹೀಗೆಯೇ ನಿಲ್ಲುತ್ತಿದ್ದೆ, ಆದರೆ ಯಾವತ್ತೂ ನಾನೇ ಎದ್ದು ಬಂದಿರಲಿಲ್ಲ. ನನ್ನ ಪಿಯಾನೋ, ನನ್ನ ರೆಸ್ಪೆಕ್ಟೆಡ್ ಸರ್, ಎಲ್ಲವೂ ನನ್ನ ಜೊತೆ ಹೊರಗೆ. ಒಳಗೆ ಯಂತ್ರಕ್ಕೆ ನನ್ನ ಅಗತ್ಯವಿಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದರ ಹಿಂದೆಯೇ, ಸುಳ್ಳೇಕೆ ಹೇಳಲಿ, ಒಂದು ಚೂರು ತಡವರಿಸಿದರೂ ಚೆನ್ನ ಎಂಬ ಕಳ್ಳ ಆಸೆಯೂ ಇತ್ತು.

ಕಿಟಕಿಯಿಂದ ಮಾತು ಕೇಳಿಸುತ್ತಿತ್ತು. ಕಾರ್ಯದರ್ಶಿಗಳು ಸದಸ್ಯರ ಹೆಸರು ಒಂದೊಂದಾಗಿ ಹೇಳುತ್ತಿದ್ದರು, ಅವಳು ಹಾಕುತ್ತಿದ್ದಳು. ಇಪ್ಪತ್ತೋ ಮೂವತ್ತೋ ಆದವು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಫ್ಲಾಪಿ ಗರಗರ ಎಂದಿತು.

“ಏ, ನನ್ನ ಹೆಸರು ಎಲ್ಲಿ ಹೋತು?” ಎಂದರು ಕಾರ್ಯದರ್ಶಿಗಳು. “ಮೊದಲನೇದ್ದು ಹೇಳಿದ್ನಲ್ಲ?”

“ಕೆಳಗೈತ್ರಿ ಸಾಹೇಬ್ರ. ಹಿಂದಿಂದ ಎರಡನೇದ್ದು.”

“ಕಾರ್ಯದರ್ಶಿ ಇದ್ದು ಕೆಳಗಽ?”

“ಅದು ಅಕ್ಷರ ನೋಡತೈತ್ರಿ, ಖುರ್ಚಿ ನೋಡೂದಿಲ್ಲ.”

ಗಿರಣಿಯವರ ನಗು ಬೇವಿನ ಗಿಡದ ತನಕ ಬಂತು. ನಾನೂ ನಕ್ಕೆ. ಒಂದು ಚೂರೂ ತಡವರಿಸಿರಲಿಲ್ಲ.

ಒಳಗೆ ಕರೆದಾಗ ಕಾರ್ಯದರ್ಶಿಗಳು ಹಣೆ ಒರೆಸಿಕೊಳ್ಳುತ್ತಿದ್ದರು. “ಎಲ್ಲಾ ಖರೆ ಅಕ್ಕೋರ. ಆದ್ರ ಯಾದಿ...” ಎಂದು ಮತ್ತೆ ಶುರು ಮಾಡಿದರು. ಆಗ ಅಷ್ಟು ಹೊತ್ತು ಸುಮ್ಮನಿದ್ದ ಚಾಚಾ ಬಾಯಿಬಿಟ್ಟರು. ಊರಿನ ಅರ್ಧ ಮದುವೆಗಳ ಬಟ್ಟೆ ಹೊಲಿದ ಮನುಷ್ಯ, ಯಾದಿಯ ಕಾನೂನು ಅವರಿಗಿಂತ ಯಾರಿಗೆ ಗೊತ್ತು?

“ಸಾಹೇಬ್ರ, ಯಾದಿಯೊಳಗಿಂದು ತಗ್ಯಾಕ ಬರೂದಿಲ್ಲ, ಬರೋಬ್ಬರಿ. ಕೂಡ್ಸಾಕ ಬರತೈತಿಲ್ಲೋ?”

“ಕೂಡ್ಸಾಕ ಯಾರು ಬ್ಯಾಡ ಅಂತಾರ? ಬೇಕಾದಷ್ಟು ಕೂಡಸ್ರಿ.”

“ಹಂಗಾದ್ರ ಕೆಳಗ ಒಂದು ಕೂಡಸ್ರಿ. ಮ್ಯಾಲಿನ ಹನ್ನೊಂದರಾಗ ಒಂದೂ ಇಲ್ಲದಿದ್ರೂ ನಡೀತೈತಿ ಅಂತ.”

ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಫ್ಯಾನು ನೋಡಿದರು. ಅವರ ಮುಖ ನಿಧಾನಕ್ಕೆ ಅರಳಿತು. ಯಾರ ಮಾತೂ ಸುಳ್ಳಾಗಲಿಲ್ಲ, ಕಮಿಟಿ ಮುನಿಸಿಕೊಳ್ಳುವುದಿಲ್ಲ, ಪಟ್ಟಿ ಇನ್ನೂ ಉದ್ದವಾಯಿತು. ಅಲ್ಲೇ ಪೆನ್ನು ತೆಗೆದು ಹನ್ನೆರಡನೆಯದನ್ನು ಬರೆದರು. ನಾನು ಪುಟದ ನಂಬರ್ ಸಮೇತ ಬರೆದ ಎರಡು ಪುಟದ ಇಂಗ್ಲಿಷ್ ಪತ್ರದಿಂದ ಆಗದ್ದನ್ನು ಒಬ್ಬ ಟೇಲರ್ ಒಂದು ತುಂಡು ಜೋಡಿಸಿ ಮುಗಿಸಿದರು.

“ಇನ್ನೂ ಒಂದು ಕೂಡಿಸಿ,” ಎಂದೆ. “ಕಲಿಯುವವರು ಯಾವ ಶಾಲೆಯವರಾದರೂ ಸರಿ ಎಂದು. ಕೊಪ್ಪಳದ ತಜ್ಞ ಮಹಿಳೆ ಹೇಳಿದ್ದಾಳೆ ಎಂದೂ ಹಾಕಿ. ಹೋದ ಸಲ ಹೇಳಬೇಕಿತ್ತು, ಹೇಳಲಿಲ್ಲ.”

ಇದನ್ನು ಕಾರ್ಯದರ್ಶಿಗಳಿಗೆ ಹೇಳಿದೆನಾದರೂ ನೋಡುತ್ತಿದ್ದದ್ದು ಅವಳನ್ನು. ಅವಳು ಕೌದಿ ಮಡಚುತ್ತಿದ್ದಳು. ತಲೆಯೆತ್ತದೆ, “ಬಸ್ಸಿಗೆ ಹೊತ್ತಾತ್ರಿ ಅಕ್ಕೋರ,” ಎಂದಳು. ದನಿ ಮೊದಲಿನ ದನಿಯಾಗಿತ್ತು.

ನಾಟಿ ಮುಗಿಯುವಷ್ಟರಲ್ಲಿ ಕೆಲಸ ಅವಳಿಗೇ ಸಿಕ್ಕಿತು. ಆರ್ಡರ್ ಹಿಡಿದು ಓಡಿ ಬಂದಳು. ಚಾಚಾ ಹಿಂದೆಯೇ ಪೇಢೆಯ ಪುಡಿಕೆ ಹಿಡಿದು. ನಾನು ಆರ್ಡರನ್ನು, ಅಭ್ಯಾಸದಂತೆ, ಎರಡು ಸಲ ಓದಿದೆ. ವಿದ್ಯಾರ್ಹತೆ ಎಂಬಲ್ಲಿ ಕಾರ್ಯದರ್ಶಿಗಳು ತಮ್ಮ ಕೈಯಾರೆ ಬರೆದಿದ್ದರು: ಸರ್ಕಾರಿ ಶಾಲೆ, ಆದರೆ ಕಾನ್ವೆಂಟಿಗೆ ಸಮೀಪ.

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

“ಇದು ಹಿಂಗಽ ಇರತೈತೇನ್ರಿ, ನನ್ನ ಫೈಲಿನಾಗ?”

“ತಾಳು, ಒಂದು ಲೆಟರ್ ಡ್ರಾಫ್ಟ್ ಮಾಡುತ್ತೇನೆ. ರೆಸ್ಪೆಕ್ಟೆಡ್ ಸರ್...”

“ಬ್ಯಾಡ್ರಿ ಅಕ್ಕೋರ. ನಾನಽ ಬರೀತೀನಿ.”

ಟೈಪ್‌ರೈಟರಿಗೆ ಕಾಗದ ಏರಿಸಿದಳು. ಒಂದೇ ಸಾಲು: ನಾನು ಕೊಪ್ಪಳದ ಸರ್ಕಾರಿ ಶಾಲೆಯಲ್ಲಿ ಕಲಿತವಳು, ಅಷ್ಟನ್ನೇ ಬರೆಯಬೇಕು. ನನ್ನ ಕೈಗೆ ಕೊಟ್ಟಳು. ತಪ್ಪು ಹುಡುಕಿದೆ, ಸಿಗಲಿಲ್ಲ.

“ಕೆಳಗೆ ನನ್ನ ಸಹಿಯೂ ಬೇಕೇನು? ತೂಕ ಬರುತ್ತದೆ,” ಎಂದೆ.

“ಬೇಕಾಗಿಲ್ರಿ,” ಎಂದಳು. ಕಾಗದವನ್ನು ಮಡಚಿ ಲಕೋಟೆಗೆ ಹಾಕಿ, ಪೇಢೆಯ ಪುಡಿಕೆಯನ್ನು ನನ್ನ ಮುಂದೆ ಬಿಚ್ಚಿಟ್ಟಳು.